ನೂರರಲ್ಲಿ ಅರವತ್ತಾರು

ನಮ್ಮ ಊರಿನಲ್ಲಿ ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಗಪ್ಪು ಬೀಳುತ್ತದೆ. ಬಿದ್ದ ಮೇಲೆ ಏನೂ ಕೇಳಿಸುವುದಿಲ್ಲ. ಬಾಯಿ ಆಡುತ್ತದೆ, ಮಾತು ಹೊರಡುವುದಿಲ್ಲ. ಸುತ್ತಿಗೆ ಬೀಳುತ್ತದೆ, ಸದ್ದು ಏಳುವುದಿಲ್ಲ. ನಾಯಿ ಬೊಗಳುತ್ತಿದೆಯೋ ಆಕಳಿಸುತ್ತಿದೆಯೋ ಎಂಬುದನ್ನು ಅದರ ಬಾಲ ನೋಡಿ ತಿಳಿದುಕೊಳ್ಳಬೇಕು. ಹನ್ನೊಂದಕ್ಕೆ ಬೀಳುವುದು ಖಾತ್ರಿ. ಏಳುವುದು ಯಾವಾಗ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಒಂದು ದಿನ ಆರೇ ನಿಮಿಷಕ್ಕೆ ಎದ್ದುಹೋಗುತ್ತದೆ. ಇನ್ನೊಂದು ದಿನ ಊಟದ ಹೊತ್ತು ಮೀರಿದರೂ ಹಾಗೇ ಇರುತ್ತದೆ.

ಊರಿನವರಿಗೆ ಇದು ದೊಡ್ಡ ಸಂಗತಿಯೇನಲ್ಲ. ಶಾಲೆಯಲ್ಲಿ ಹನ್ನೊಂದರ ತಾಸಿಗೆ ಚಿತ್ರಕಲೆ ಇಟ್ಟುಕೊಂಡಿದ್ದಾರೆ. ಬಸ್ಸಿನವರು ಹಾರ್ನಿನ ಬದಲು ದೀಪ ಮಿನುಗಿಸುತ್ತಾರೆ. ಮಾರುಕಟ್ಟೆಯಲ್ಲಿ ಬೆರಳುಗಳಲ್ಲೇ ಚೌಕಾಶಿ ನಡೆಯುತ್ತದೆ. ಜಗಳಕ್ಕೆ ನಿಂತವರು ಹನ್ನೊಂದು ಹೊಡೆದ ಕೂಡಲೇ ಚಾ ಅಂಗಡಿಯಲ್ಲಿ ಅಕ್ಕಪಕ್ಕ ಕೂತು, ಗಪ್ಪು ಎದ್ದ ಮೇಲೆ ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಎಷ್ಟೋ ಸಲ ಎಲ್ಲಿಗೆ ಬಿಟ್ಟಿದ್ದೆವು ಎಂಬುದು ಇಬ್ಬರಿಗೂ ಮರೆತಿರುತ್ತದೆ. ಬಸುರಿಯರನ್ನು ಮಾತ್ರ ದಿನ ತುಂಬುವ ಮೊದಲೇ ಹಳ್ಳದ ಸೇತುವೆ ದಾಟಿಸಿ ಆಚೆಯ ಊರುಗಳಲ್ಲಿ ಇರಿಸುವ ರೂಢಿ. ಸೇತುವೆಯ ಆಚೆ ಗಪ್ಪು ಬೀಳುವುದಿಲ್ಲ.

ನನ್ನ ಹೆಸರು ನೀಲಗಂಗಾ. ಪುರಸಭೆಯಲ್ಲಿ ಗಪ್ಪಿನ ಗುಮಾಸ್ತೆ. ಹನ್ನೊಂದಕ್ಕೆ ಒಂದು ಕೈಯಲ್ಲಿ ಹಿತ್ತಾಳೆಯ ಗಂಟೆ, ಇನ್ನೊಂದು ಕೈಯಲ್ಲಿ ಓಟದ ಸ್ಪರ್ಧೆಗೆ ಬಳಸುವಂಥ ಗಡಿಯಾರ ಹಿಡಿದು ಕಚೇರಿಯ ಕಟ್ಟೆಯ ಮೇಲೆ ನಿಲ್ಲುತ್ತೇನೆ. ಗಂಟೆ ಅಲ್ಲಾಡಿಸುತ್ತಲೇ ಇರಬೇಕು. ಅದು ಕೇಳಿಸಿದ ಕ್ಷಣ ಗಡಿಯಾರ ಒತ್ತಿ, ಎಷ್ಟು ನಿಮಿಷ, ಎಷ್ಟು ಸೆಕೆಂಡು ಎಂದು ರಿಜಿಸ್ಟರಿನಲ್ಲಿ ಬರೆಯಬೇಕು. ನನಗಿಂತ ಮೊದಲು ಇಬ್ಬರು ಈ ಕೆಲಸ ಮಾಡಿ ನಿವೃತ್ತರಾಗಿದ್ದರು. ಮೂವತ್ತೊಂದು ವರ್ಷಗಳ ದಿನಗಳು, ಹನ್ನೊಂದು ಸಾವಿರದ ಮುನ್ನೂರು ಚಿಲ್ಲರೆ ಅಂಕಿಗಳು, ಗೆದ್ದಲು ಹಿಡಿಯದಂತೆ ಬೇವಿನ ಎಲೆಯ ನಡುವೆ ಮಲಗಿದ್ದವು. ಅವುಗಳಿಂದ ಯಾರಿಗೂ ಏನೂ ಆಗುತ್ತಿರಲಿಲ್ಲ.

ಪುರಸಭೆಗೆ ಲ್ಯಾಪ್‌ಟಾಪ್ ಬಂದ ವರ್ಷ ನನ್ನನ್ನು ಆರು ವಾರ ತರಬೇತಿಗೆ ಕಳಿಸಿದರು. ಅಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಒಂದಿಷ್ಟು ಕಲಿತೆ. ಬಂದ ಮೇಲೆ ದಿನಕ್ಕೊಂದು ತಾಸಿನಂತೆ ಎಂಟು ತಿಂಗಳು ಕೂತು ಹಳೆಯ ಅಂಕಿಗಳನ್ನೆಲ್ಲ ಅದರಲ್ಲಿ ತುಂಬಿದೆ. ಯಾರೂ ಹೇಳಿರಲಿಲ್ಲ. ಆದರೆ ಇಷ್ಟು ವರ್ಷ ಮೂವರು ಕೈ ನೋಯಿಸಿಕೊಂಡು ಬರೆದದ್ದು ಸುಮ್ಮನೆ ಬಿದ್ದಿದೆಯಲ್ಲ ಎಂಬ ಸಂಕಟ ಇತ್ತು. ತುಂಬಿ ಮುಗಿದ ದಿನ ಸರಾಸರಿ ತೆಗೆದೆ. ಮೂವತ್ತಾರು ನಿಮಿಷ ಬಂತು. ಕಚೇರಿಯ ಹೊರಗಿನ ಹಲಗೆಯ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ "ಗಪ್ಪು: ಸರಾಸರಿ ೩೬ ನಿಮಿಷ" ಎಂದು ಬರೆದು, ಮೂರು ಸಲ ಹೊರಗೆ ಹೋಗಿ ನೋಡಿ ಬಂದೆ.

ಮಾರನೆಯ ದಿನವೇ ಫಕೀರವ್ವ ಬಂದಳು. ಫಕೀರವ್ವ ನಮ್ಮ ಓಣಿಯವಳು, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು, ತಳ್ಳುಗಾಡಿಯಲ್ಲಿ ಕಾಯಿಪಲ್ಲೆ ಮಾರುವವಳು. ಅವಳು "ಮೆಂತೇಪಲ್ಲೇ" ಎಂದು ಕೂಗಿದರೆ ಮೂರು ಓಣಿಯ ಆಚೆ ಒಲೆಯ ಮೇಲೆ ಬೇಳೆ ಇಟ್ಟವರು ಕೆಳಗಿಳಿಸುತ್ತಾರೆ ಎಂದು ಜನ ಹೇಳುತ್ತಿದ್ದರು. ಹಾಗಾಗಿ ಊರಿನಲ್ಲಿ ಗಪ್ಪನ್ನು ಎಲ್ಲರಿಗಿಂತ ಹೆಚ್ಚು ದ್ವೇಷಿಸುತ್ತಿದ್ದವಳು ಅವಳೇ. ಅವಳ ಗಂಡ ಯಮನೂರಪ್ಪ ಸೈಕಲ್ ರಿಪೇರಿಯವನು. ವಾರಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನಿಗೆ ಗಪ್ಪು ಬಿದ್ದದ್ದೂ ಎದ್ದದ್ದೂ ಗೊತ್ತಾಗುತ್ತಿರಲಿಲ್ಲ.

"ನೀಲಕ್ಕ, ಮೂವತ್ತಾರು ನಿಮಿಷ ಅಂತ ಬರದೀದಿ" ಎಂದಳು ಫಕೀರವ್ವ, ಕಚೇರಿಯ ಕಿಟಕಿ ನಡುಗುವಂತೆ. "ನಾ ನಿನ್ನೆ ಸರಿಯಾಗಿ ಹನ್ನೊಂದು ಮೂವತ್ತಾರಕ್ಕ ಅಗಸಿ ಬಾಗಲಾ ಮುಂದ ನಿಂತು ಬಾಯಿ ತಗದೆ. ಏನ್ ಬಂತು? ಬರೇ ಗಾಳಿ ಬಂತು. ಮಂದಿ ನನ್ನ ಮಾರಿ ನೋಡಿ ನಕ್ಕರು. ಒಂದ ತಾಸ ಆತು ಅದು ಏಳಾಕ."

"ಸರಾಸರಿ ಅಂದ್ರ ದಿನಾ ಅಷ್ಟ ಆಗತೈತಿ ಅಂತಲ್ಲ, ಫಕೀರವ್ವ."

"ಮತ್ತ ಇವತ್ತ ಎಷ್ಟ ಆಗತೈತಿ ಅದನ್ನ ಹೇಳು."

"ಇವತ್ತಿಂದು ಹೇಳಾಕ ಬರೂದಿಲ್ಲ."

"ಹಂಗಾರ ಇದನ್ನ ಕಟಗೊಂಡು ಏನ್ ಮಾಡೂದು?" ಎಂದು ಲ್ಯಾಪ್‌ಟಾಪಿನತ್ತ ಗದ್ದ ಎತ್ತಿ ತೋರಿಸಿ ಹೋದಳು.

ಅವಳ ಮಾತು ಮನಸ್ಸಿಗೆ ನಾಟಿತು. ಸಂಜೆ ಕಡೇಮನಿ ಮಾಸ್ತರ ಮನೆಗೆ ಹೋದೆ. ಮಾಸ್ತರು ನನಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು, ಈಗ ಎಪ್ಪತ್ತು ದಾಟಿದ್ದಾರೆ, ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ ನಕ್ಕರು.

"ಬರೇ ಸರಾಸರಿ ಹೇಳಿದ್ರ ಮಂದಿಗೆ ಮೋಸ ಮಾಡಿದಂಗ, ನೀಲಾ. ಸಂತ್ಯಾಗ ಒಬ್ಬ ಏಳ ಫೂಟ್ ಮನಷ್ಯಾ ಬಂದ ನಿಂತ್ರ ಸರಾಸರಿ ಏರತೈತಿ. ಉಳದಾವ್ರು ಏನ್ ಉದ್ದಾ ಆಗತಾರೇನು? ಎಲ್ಲಾ ದಿನಾನೂ ಹರವಿ ನೋಡು. ಆಕಾರ ನೋಡು."

ನೋಡಿದೆವು. ಪರದೆಯ ಮೇಲೆ ಆ ಹನ್ನೊಂದು ಸಾವಿರ ದಿನಗಳು ಒಂದು ಗುಡ್ಡೆಯಾಗಿ ಬಂದವು. ಎಡಗಡೆ ಎತ್ತರದ ಬೆನ್ನು, ಬಲಕ್ಕೆ ಇಳಿಯುತ್ತ ಇಳಿಯುತ್ತ ಮುಗಿಯದ ಬಾಲ. "ಮಲಗಿದ ಎಮ್ಮಿ" ಎಂದರು ಮಾಸ್ತರು, ಸಂತೋಷದಿಂದ. ಹೆಚ್ಚಿನ ದಿನಗಳು ಬೆನ್ನಿನಲ್ಲಿದ್ದವು, ಹದಿನೈದು ಇಪ್ಪತ್ತು ನಿಮಿಷದವು. ಎಲ್ಲೋ ಅಪರೂಪಕ್ಕೆ ಎರಡು ಮೂರು ತಾಸಿನವು ಬಾಲದಲ್ಲಿ ಕೂತು ಸರಾಸರಿಯನ್ನು ತಮ್ಮ ಕಡೆ ಎಳೆದಿದ್ದವು. ಮಾಸ್ತರು ನಿಮಿಷಗಳ ಬದಲು ನಿಮಿಷಗಳ ಲಾಗರಿತಮ್ ತೆಗೆದು ಬಿಡಿಸಲು ಹೇಳಿದರು. ಬಿಡಿಸಿದರೆ ಎಮ್ಮೆಯ ಸೊಟ್ಟವೆಲ್ಲ ಹೋಗಿ, ಎರಡೂ ಕಡೆ ಒಂದೇ ಸಮನಾದ ಗುಡ್ಡ ಎದ್ದು ನಿಂತಿತು. ಮಾಸ್ತರು ಶೇಂಗಾ ತಟ್ಟೆ ಕೆಳಗಿಟ್ಟು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನನ್ನ ಜನ್ಮದಾಗ ಇಷ್ಟ ಚಂದಂದು ಪುಸ್ತಕದ ಹೊರಗ ನೋಡಿರಲಿಲ್ಲ" ಎಂದರು.

ಅಲ್ಲಿಂದ ಎರಡು ತಿಂಗಳು ಇಬ್ಬರೂ ಕೂತು ಪ್ರೋಗ್ರಾಮ್ ಬರೆದೆವು. ಅಂಕಿಗಳ ಗುಡ್ಡೆಗೆ ಸರಿಯಾಗಿ ಕೂರುವ ಒಂದು ನುಣುಪಾದ ಗೆರೆ ಹುಡುಕಿದೆವು. ಗೆರೆ ಸಿಕ್ಕ ಮೇಲೆ ಅದಕ್ಕೆ ಏನು ಬೇಕಾದರೂ ಕೇಳಬಹುದಾಗಿತ್ತು. ಇಷ್ಟು ನಿಮಿಷದೊಳಗೆ ಗಪ್ಪು ಏಳುವ ಸಾಧ್ಯತೆ ನೂರರಲ್ಲಿ ಎಷ್ಟು ಎಂದು ಕೇಳಿದರೆ ಗೆರೆಯ ಕೆಳಗಿನ ಜಾಗ ಅಳೆದು ಹೇಳುತ್ತಿತ್ತು. ನೂರರಲ್ಲಿ ತೊಂಬತ್ತು ದಿನ ಎಷ್ಟು ನಿಮಿಷಕ್ಕೆ ಮುಗಿಯುತ್ತದೆ ಎಂದು ತಿರುಗಿಸಿ ಕೇಳಿದರೂ ಹೇಳುತ್ತಿತ್ತು. ಕೊನೆಗೆ ಮಾಸ್ತರ ಹಟಕ್ಕೆ ಇನ್ನೊಂದು ಪ್ರಶ್ನೆ ಸೇರಿಸಿದೆ: ಈಗಾಗಲೇ ಇಷ್ಟು ಹೊತ್ತು ಕಳೆದಿದೆ, ಇನ್ನೂ ಎದ್ದಿಲ್ಲ, ಮುಂದೆ ಎಷ್ಟು? "ಇದ್ಯಾಕ ಬೇಕ್ರೀ ಸರ?" ಎಂದು ಕೇಳಿದ್ದಕ್ಕೆ, "ಕಾಯೂ ಮನಷ್ಯಾ ಕೇಳೂದು ಇದನ್ನ ಒಂದ" ಎಂದಿದ್ದರು.

ಹಲಗೆ ಬದಲಾಯಿಸಿದೆ. ಅರ್ಧಕ್ಕರ್ಧ ದಿನ ಇಪ್ಪತ್ತೈದು ನಿಮಿಷದೊಳಗೆ ಏಳುತ್ತದೆ. ಹತ್ತರಲ್ಲಿ ಒಂಬತ್ತು ದಿನ ಎಪ್ಪತ್ತನಾಲ್ಕು ನಿಮಿಷದೊಳಗೆ. ನೂರರಲ್ಲಿ ಒಂದು ದಿನ ಮೂರು ತಾಸು ಮೀರುತ್ತದೆ. ಜನ ಓದಿದರು, ತಮಗೆ ಬೇಕಾದ್ದನ್ನು ತೆಗೆದುಕೊಂಡರು. ರೊಟ್ಟಿ ಮಾರುವವರು ಇಪ್ಪತ್ತೈದಕ್ಕೆ ಹಂಚು ಇಟ್ಟರು. ಸಂಗೀತದ ಪಾಠ ಹೇಳುವವರು ಎಪ್ಪತ್ತನಾಲ್ಕಕ್ಕೆ ಮಕ್ಕಳನ್ನು ಕರೆದರು. ಪುರಸಭೆಯ ಅಧ್ಯಕ್ಷರು ಭಾಷಣವನ್ನು ಸಂಜೆಗೆ ಇಟ್ಟುಕೊಂಡರು. ಫಕೀರವ್ವ ಮಾತ್ರ ದಿನಾ ಹತ್ತೂವರೆಗೆ ಗಾಡಿ ತಳ್ಳಿಕೊಂಡು ಹೋಗುವಾಗ ಕಟ್ಟೆಯ ಮುಂದೆ ನಿಂತು ನನ್ನನ್ನು ಪರೀಕ್ಷೆ ಮಾಡುತ್ತಿದ್ದಳು.

"ನೀಲಕ್ಕ, ಸರಿಯಾಗಿ ಇಪ್ಪತ್ತ ನಿಮಿಷ ಆಗೂದು ನೂರರಾಗ ಎಷ್ಟ ದಿನ?"

ಪ್ರೋಗ್ರಾಮಿಗೆ ಕೇಳಿದೆ. "ಸೊನ್ನಿ."

"ಸೊನ್ನಿ? ಮೊನ್ನೆ ಇಪ್ಪತ್ತ ಆಗಿತ್ತಲ್ಲ."

"ಇಪ್ಪತ್ತರ ಮ್ಯಾಲ ಒಂದ ಚೂರು ಇತ್ತು. ಇಲ್ಲಾ ಒಂದ ಚೂರು ಕಮ್ಮಿ ಇತ್ತು. ಕೂದಲೆಳಿ ಅಷ್ಟೂ ಆಚೀಚೆ ಆಗದಂಗ ಇಪ್ಪತ್ತ ಆಗೂದು ಅಂದ್ರ ಇಲ್ಲ."

"ಅಂದ್ರ ಯಾವ ನಿಮಿಷ ಕೇಳಿದ್ರೂ ಸೊನ್ನಿ ಅಂತೀದಿ?"

"ಹೌದು."

"ಮತ್ತ ದಿನಾ ಏಳತೈತಿ."

"ಹೌದು."

ಫಕೀರವ್ವ ಬದನೆಕಾಯಿಯ ಬುಟ್ಟಿಯ ಮೇಲೆ ಕೈಯಿಟ್ಟು ಹೊಟ್ಟೆ ತುಂಬ ನಕ್ಕಳು. ಆಗ ಅವಳಿಗೆ ಏಳು ತಿಂಗಳು. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಬಸುರಾಗಿದ್ದಳು. ನಗುವಾಗ ಹೊಟ್ಟೆ ಹಿಡಿದುಕೊಂಡು, "ಇದಕ್ಕೂ ನಗಿ ಬಂತ ನೋಡು, ಒದಿಯಾಕತ್ತೈತಿ" ಎಂದಳು.

ಒಂಬತ್ತನೆಯ ತಿಂಗಳು ಬಂತು. ದಿನ ತುಂಬಲು ಇನ್ನೂ ಎರಡು ವಾರ ಇತ್ತು. ಮುಂದಿನ ಸೋಮವಾರ ಸೇತುವೆ ದಾಟಿ ಅಕ್ಕನ ಊರಿಗೆ ಹೋಗುವುದೆಂದು ಚೀಲ ಕಟ್ಟಿಟ್ಟಿದ್ದಳು. ಬುಧವಾರ ಹತ್ತೂವರೆಗೆ ನಾನು ಕಟ್ಟೆಯ ಮೇಲೆ ಗಂಟೆ ಒರೆಸುತ್ತಿದ್ದಾಗ ಅವಳ ಗಾಡಿ ಓಡಿಬಂತು. ತಳ್ಳುತ್ತಿದ್ದವನು ಯಮನೂರಪ್ಪ. ಗಾಡಿಯ ಮೇಲೆ ಹೀರೇಕಾಯಿ, ಸೋರೆಕಾಯಿಗಳ ನಡುವೆ ಫಕೀರವ್ವ ಒರಗಿದ್ದಳು. ಒಂದು ಕೈಯಲ್ಲಿ ತಕ್ಕಡಿ ಇನ್ನೂ ಹಾಗೇ ಇತ್ತು.

"ನೀಲಕ್ಕಾ, ಇವತ್ತಿಂದು ಎಷ್ಟ?" ಎಂದು ಕೂಗಿದಳು. ನೋವಿನಲ್ಲೂ ಆ ಧ್ವನಿ ಕೇಳಿ ಪಾರಿವಾಳಗಳು ಎದ್ದವು. ಯಮನೂರಪ್ಪ ನನ್ನ ಕಡೆ ನೋಡಿ, "ಅಕ್ಕಾರ, ಬರ್ರಿ" ಎಂದ. ಅವನು ನನ್ನೊಡನೆ ಆಡಿದ ಮೊದಲ ಮಾತು ಅದು.

ಪೇಪರು ಓದಲು ಬಂದಿದ್ದ ಕಡೇಮನಿ ಮಾಸ್ತರ ಕೈಗೆ ಗಂಟೆ, ಗಡಿಯಾರ ಕೊಟ್ಟೆ. ಲ್ಯಾಪ್‌ಟಾಪ್ ಎದೆಗವಚಿಕೊಂಡು ಗಾಡಿಯ ಹಿಂದೆ ಓಡಿದೆ.

ನಮ್ಮ ಆಸ್ಪತ್ರೆ ಚಿಕ್ಕದು. ಆರು ಮಂಚ, ಒಬ್ಬರೇ ಡಾಕ್ಟರು. ಡಾಕ್ಟರ್ ಮೆಹಜಬೀನ್ ಹೊರಗಿನವರು, ಬಂದು ಎರಡು ವರ್ಷವಾಗಿತ್ತು. ಅವರ ಕೈಕೆಳಗೆ ಹುಸೇನಬಿ ಎಂಬ ಮುದುಕಿ ಇದ್ದಳು. ಹಳ್ಳಕ್ಕೆ ಸೇತುವೆ ಆಗುವ ಮೊದಲು ಊರಿನ ಸೂಲಗಿತ್ತಿ, ಅರ್ಧ ಊರನ್ನು ಅವಳೇ ಎತ್ತಿಕೊಂಡಿದ್ದಳು. ಡಾಕ್ಟರು ಅವಳಿಂದ ಬಿಸಿನೀರು ತರಿಸುತ್ತಿದ್ದರೇ ಹೊರತು ಹೆಚ್ಚಿನ ಕೆಲಸ ಹೇಳುತ್ತಿರಲಿಲ್ಲ.

ಡಾಕ್ಟರು ಫಕೀರವ್ವನ ಹೊಟ್ಟೆಗೆ ಮರದ ಕೊಳವೆ ಇಟ್ಟು ಕಿವಿಗೊಟ್ಟರು. "ಬಡಿತ ಚೆನ್ನಾಗಿದೆ" ಎಂದರು. ಆಮೇಲೆ ಗೋಡೆಯ ಗಡಿಯಾರ ನೋಡಿ ನನ್ನನ್ನು ಬಾಗಿಲ ಹೊರಗೆ ಕರೆದರು. ಹತ್ತು ಐವತ್ತೆರಡು.

"ನೀಲಗಂಗಾ ಅವರೇ, ನಾನು ಕಾಲು ಗಂಟೆಗೊಮ್ಮೆ ಈ ಬಡಿತ ಕೇಳಬೇಕು. ಮಗು ದಣಿದರೆ ಅದರಿಂದಲೇ ತಿಳಿಯೋದು. ಬಡಿತವನ್ನ ದೀಪದಲ್ಲಿ ತೋರಿಸೋ ಮೆಷಿನ್ ಕೇಳಿ ವರ್ಷವಾಯ್ತು, ಬಂದಿಲ್ಲ. ಗಪ್ಪು ಬಿದ್ದರೆ ನನಗೆ ಕಿವಿ ಇಲ್ಲದ ಹಾಗೆ. ಜೀಪು ಇದೆ. ಸೇತುವೆ ದಾಟೋಕೆ ಮೂವತ್ತು ನಿಮಿಷ. ಆದರೆ ಆ ರಸ್ತೆಯಲ್ಲಿ, ಆ ಗುಂಡಿಗಳಲ್ಲಿ ಕರೆದುಕೊಂಡು ಹೋಗೋದಕ್ಕೆ ನನಗೆ ಧೈರ್ಯ ಸಾಲದು. ದಾರಿಯಲ್ಲೇ ಹೆರಿಗೆ ಆಗಬಹುದು. ಸ್ವಲ್ಪ ಹೊತ್ತು ಇಲ್ಲೇ ನೋಡ್ತೀನಿ. ನೀವು ಎಲ್ಲೂ ಹೋಗಬೇಡಿ."

ಹನ್ನೊಂದಾಯಿತು. ತಲೆಯ ಮೇಲಿನ ಫ್ಯಾನಿನ ಕಿರಕಿರ ನಿಂತಿತು, ಫ್ಯಾನು ತಿರುಗುತ್ತಲೇ ಇತ್ತು. ಫಕೀರವ್ವನ ಬಾಯಿ ದೊಡ್ಡದಾಗಿ ತೆರೆದಿತ್ತು, ಕುತ್ತಿಗೆಯ ನರ ಎದ್ದಿತ್ತು, ಕೋಣೆಯಲ್ಲಿ ಏನೂ ಇರಲಿಲ್ಲ.

ಹನ್ನೊಂದು ಇಪ್ಪತ್ತಕ್ಕೆ ಡಾಕ್ಟರು ಪಾಟಿ ಎತ್ತಿಕೊಂಡು ಬರೆದರು. ಎಲ್ಲರ ಮನೆಯಂತೆ ಆಸ್ಪತ್ರೆಯಲ್ಲೂ ಗಪ್ಪಿನ ಹೊತ್ತಿಗೆಂದು ಪಾಟಿ ಬಳಪ ಇರುತ್ತವೆ. "ಹೊರಡುವುದಾದರೆ ಈಗಲೇ. ಇಲ್ಲೇ ಇದ್ದರೆ, ಇನ್ನು ಮೂವತ್ತು ನಿಮಿಷದಲ್ಲಿ ಗಪ್ಪು ಏಳುತ್ತದೆಯೇ?"

ನಾನು ಲ್ಯಾಪ್‌ಟಾಪ್ ತೆರೆದು, ಮಾಸ್ತರ ಹಟಕ್ಕೆ ಸೇರಿಸಿದ್ದ ಆ ಕೊನೆಯ ಪ್ರಶ್ನೆಗೆ ಇಪ್ಪತ್ತು, ಮೂವತ್ತು ಎಂದು ಎರಡು ಅಂಕಿ ಕೊಟ್ಟೆ. ಒಮ್ಮೆ ತಪ್ಪು ಒತ್ತಿದೆ, ಅಳಿಸಿ ಮತ್ತೆ ಕೊಟ್ಟೆ. ಇಪ್ಪತ್ತು ನಿಮಿಷ ದಾಟಿದ ದಿನಗಳನ್ನಷ್ಟೇ ಹಿಡಿದು ಅದು ಉತ್ತರ ಕೊಟ್ಟಿತು. ಪಾಟಿಯ ಮೇಲೆ ಬರೆದೆ: "೧೦೦ರಲ್ಲಿ ೬೬."

ಡಾಕ್ಟರು ಅದನ್ನು ಓದಿ ಗಡಿಯಾರ ನೋಡಿದರು. ಆಮೇಲೆ ಪಾಟಿಯನ್ನು ಯಮನೂರಪ್ಪನಿಗೆ ಕೊಟ್ಟರು. ಅವನು ನೋಡಿ, ಹೆಂಡತಿಗೆ ಕೊಟ್ಟ. ಫಕೀರವ್ವನಿಗೆ ಅಕ್ಷರ ಬಾರದು, ಅಂಕಿ ಬರುತ್ತದೆ. ಎರಡು ನೋವಿನ ನಡುವಿನ ಬಿಡುವಿನಲ್ಲಿ ಪಾಟಿ ಹಿಡಿದು, ಮಾರುಕಟ್ಟೆಯಲ್ಲಿ ಮಾಡುವಂತೆ ಬೆರಳೆಣಿಸಿ ಅರವತ್ತಾರು ತೋರಿಸಿದಳು, ಆಮೇಲೆ ಉಳಿದ ಮೂವತ್ತನಾಲ್ಕು ತೋರಿಸಿದಳು, ಎರಡನ್ನೂ ತಕ್ಕಡಿಯಂತೆ ಅಂಗೈಯಲ್ಲಿ ತೂಗಿದಳು. ಅರವತ್ತಾರರ ಕೈ ಕೆಳಗಿಳಿಯಿತು. ಅದೇ ಕೈಯಿಂದ ಮಂಚವನ್ನು ತಟ್ಟಿದಳು. ಇಲ್ಲೇ. ಯಮನೂರಪ್ಪ ಹೊರಗೆ ಹೋಗಿ ಜೀಪಿನವನಿಗೆ ಎಂಜಿನ್ ಆರಿಸಲು ಸನ್ನೆ ಮಾಡಿದ.

ಹನ್ನೊಂದು ಐವತ್ತಾಯಿತು. ಗಪ್ಪು ಏಳಲಿಲ್ಲ.

ಮೂವತ್ತನಾಲ್ಕರ ಕಡೆಗೆ ಬಿದ್ದಿದ್ದೆವು. ಅದು ಆಗುವಂಥದ್ದೇ ಎಂದು ನನಗೆ ಗೊತ್ತಿತ್ತು, ಇಂಥ ಮೂರು ದಿನಗಳಲ್ಲೊಮ್ಮೆ ಆಗುವಷ್ಟು ಸಾಮಾನ್ಯ ಎಂದೂ ಗೊತ್ತಿತ್ತು. ಆದರೆ ಅಂಕಿಯನ್ನು ಬರೆದ ಕೈ ನನ್ನದು. ಹೋಗಿ ಎಂದಿದ್ದರೆ ಈ ಹೊತ್ತಿಗೆ ಸೇತುವೆ ದಾಟಿರುತ್ತಿದ್ದರು ಎಂದು ನೂರು ಸಲ ಅಂದುಕೊಂಡೆ. ಹನ್ನೆರಡಕ್ಕೆ ಯಮನೂರಪ್ಪ ಪಾಟಿ ತಂದು ನನ್ನ ಮುಂದೆ ಹಿಡಿದ. ಇನ್ನೆಷ್ಟು? ಪ್ರೋಗ್ರಾಮಿಗೆ ಕೇಳಿದೆ. ಒಂದು ತಾಸು ಕಳೆದ ದಿನಗಳಲ್ಲಿ ಅರ್ಧದಷ್ಟು ಇನ್ನು ಇಪ್ಪತ್ತೈದು ನಿಮಿಷದೊಳಗೆ ಮುಗಿಯುತ್ತವೆ ಎಂದು ಬಂತು. ಹನ್ನೊಂದು ಇಪ್ಪತ್ತಕ್ಕೆ ಅವನು ಇದನ್ನೇ ಕೇಳಿದಾಗ ಹತ್ತೊಂಬತ್ತು ಎಂದು ಬರೆದು ತೋರಿಸಿದ್ದೆ. ಅವನಿಗೆ ಕಡಿಮೆ ಹೇಳಬೇಕೆನಿಸಿತು. ಹತ್ತು ಎಂದು ಬರೆದರೆ ಹತ್ತು ನಿಮಿಷವಾದರೂ ನೆಮ್ಮದಿಯಿಂದ ಇರುತ್ತಾನೆ. ಕೊನೆಗೆ ಇಪ್ಪತ್ತೈದು ಎಂದೇ ಬರೆದೆ.

ಅವನು ಹುಬ್ಬು ಗಂಟಿಕ್ಕಿದ. ಕಾದಷ್ಟೂ ಕಡಿಮೆಯಾಗಬೇಕಲ್ಲ, ಹೆಚ್ಚಾದದ್ದು ಹೇಗೆ ಎಂದು ಕೈಯಲ್ಲಿ ಕೇಳಿದ. ಅದನ್ನು ಸನ್ನೆಯಲ್ಲಿ ಹೇಳುವುದು ನನಗೆ ಆಗಲಿಲ್ಲ. ಪಾಟಿಯ ಮೇಲೆ ಎಮ್ಮೆಯ ಚಿತ್ರ ಬರೆದೆ. ಬೆನ್ನು ದಾಟಿದ್ದೇವೆ, ಈಗ ಬಾಲದಲ್ಲಿದ್ದೇವೆ, ಬಾಲ ಉದ್ದ ಎಂದು ಬೆರಳಿನಿಂದ ತೋರಿಸಿದೆ. ಯಮನೂರಪ್ಪ ಚಿತ್ರವನ್ನೂ ನನ್ನನ್ನೂ ನೋಡಿದ. ಇದ್ದಕ್ಕಿದ್ದಂತೆ ಅವನ ಭುಜ ಕುಣಿಯತೊಡಗಿತು. ಅಳುತ್ತಿದ್ದಾನೆಂದು ಗಾಬರಿಯಾದೆ. ನಗುತ್ತಿದ್ದ. ಪಾಟಿಯನ್ನು ಒಳಗೆ ಒಯ್ದು ಹೆಂಡತಿಗೆ ತೋರಿಸಿದ. ಅವಳು ಬೆವರು ಹರಿಯುವ ಮುಖದಲ್ಲಿ ಎಮ್ಮೆಯನ್ನು ನೋಡಿ, ನನ್ನ ಕಡೆ ತಿರುಗಿ, ನಿನಗೆ ತಲೆ ಕೆಟ್ಟಿದೆ ಎಂಬಂತೆ ಹಣೆಯ ಬಳಿ ಬೆರಳು ತಿರುಗಿಸಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು. ಹೆರಿಗೆ ಮುಗಿಯುವವರೆಗೂ ಬಿಡಲಿಲ್ಲ. ನನ್ನ ಉಂಗುರದ ಬೆರಳು ಇವತ್ತಿಗೂ ಚೂರು ಸೊಟ್ಟಗಿದೆ.

ಕೊಳವೆಯನ್ನು ಹೊಟ್ಟೆಗಿಟ್ಟು ಇಟ್ಟು ತೆಗೆಯುತ್ತಿದ್ದ ಡಾಕ್ಟರು ಕೊನೆಗೆ ಅದನ್ನು ಕಿಟಕಿಯ ಮೇಲಿಟ್ಟರು. ಮೂಲೆಯಲ್ಲಿ ನಿಂತಿದ್ದ ಹುಸೇನಬಿಯ ಕಡೆ ನೋಡಿ, ಬಾ ಎಂದು ಕೈ ಮಾಡಿದರು. ಮುದುಕಿ ಸೆರಗು ಸಿಕ್ಕಿಸಿ ಮುಂದೆ ಬಂದಳು, ಕೈ ತೊಳೆದಳು. ಕೂಸಿನ ತಲೆ ಕಾಣುತ್ತಿತ್ತು. ಅದರ ನೆತ್ತಿಯ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದಳು. ಇನ್ನೊಂದು ಕೈಯನ್ನು ಎತ್ತಿ ಹಿಡಿದು ಮುಷ್ಟಿಯನ್ನು ಬಿಚ್ಚಿ ಮುಚ್ಚಿ, ಬಿಚ್ಚಿ ಮುಚ್ಚಿ ಮಾಡತೊಡಗಿದಳು. ಹಕ್ಕಿ ರೆಕ್ಕೆ ಬಡಿದಷ್ಟು ಬೇಗ. ಒಂದು ಕ್ಷಣಕ್ಕೆ ನನಗೆ ಅರ್ಥವಾಗಲಿಲ್ಲ. ಡಾಕ್ಟರಿಗೆ ಆಯಿತು. ತಮ್ಮ ಕೈಗಡಿಯಾರ ನೋಡುತ್ತ ಮುದುಕಿಯ ಮುಷ್ಟಿಯನ್ನು ಎಣಿಸಿದರು. ಒಂದು ನಿಮಿಷ. ತಲೆಯಾಡಿಸಿದರು, ಪಾಟಿಯ ಮೇಲೆ "೧೩೮, ಉತ್ತಮ" ಎಂದು ಬರೆದು ಫಕೀರವ್ವನ ಮುಖದ ಮುಂದೆ ಹಿಡಿದರು. ನಾವೆಲ್ಲ ಆ ಮುದುಕಿಯ ಮುಷ್ಟಿಯನ್ನೇ ನೋಡುತ್ತ ಕೂತೆವು. ಹುಟ್ಟದ ಕೂಸಿನ ಎದೆಯನ್ನು ಅಷ್ಟು ಸ್ಪಷ್ಟವಾಗಿ ಯಾವ ಕಿವಿಯೂ ಕೇಳಿರಲಾರದು.

ಹನ್ನೆರಡು ನಲವತ್ತಕ್ಕೆ ಕೂಸು ಬಂತು. ಹೆಣ್ಣು. ಹುಸೇನಬಿ ತಲೆಕೆಳಗಾಗಿ ಹಿಡಿದು ಬೆನ್ನು ತೀಡಿದಳು. ಕೂಸು ಬಾಯಿ ತೆರೆಯಿತು. ಹಲ್ಲಿಲ್ಲದ ಆ ಬಾಯಿ ಮುಖದ ಅರ್ಧದಷ್ಟು ದೊಡ್ಡದಾಯಿತು, ನಾಲಿಗೆ ನಡುಗಿತು, ಹೊಟ್ಟೆ ಏರಿ ಇಳಿಯಿತು, ಮೈಯೆಲ್ಲ ಕೆಂಪಾಯಿತು. ಅಳುತ್ತಿತ್ತು. ನಮಗಾರಿಗೂ ಕೇಳಲಿಲ್ಲ. ಡಾಕ್ಟರು ನಕ್ಕರು, ಹುಸೇನಬಿಯ ಹೆಗಲ ಮೇಲೆ ಹಣೆಯಿಟ್ಟರು. ಯಮನೂರಪ್ಪ ಮೊದಲು ನೆಲದ ಮೇಲೆ ಕೂತ, ಆಮೇಲೆ ಎದ್ದ, ಆಮೇಲೆ ಮತ್ತೆ ಕೂತ. ಕೂಸನ್ನು ಒರೆಸಿ ಎದೆಯ ಮೇಲೆ ಮಲಗಿಸಿದಾಗ ಫಕೀರವ್ವ ಅದರ ಬಾಯಿಯ ಬಳಿ ಕಿವಿಯಿಟ್ಟು, ಉಸಿರಿನ ಬಿಸಿ ತಾಗಿಸಿಕೊಂಡು ಹಾಗೇ ಇದ್ದಳು. ಸ್ವಲ್ಪ ಹೊತ್ತಿಗೆ ಕೂಸು ಮೊಲೆ ಹಿಡಿಯಿತು. ಇನ್ನೂ ಸ್ವಲ್ಪ ಹೊತ್ತಿಗೆ ನಿದ್ದೆ ಹೋಯಿತು.

ನಾನು ಗೋಡೆಗೊರಗಿ ಕೂತು ಕಣ್ಣು ಮುಚ್ಚಿದ್ದೆ. ಏನೋ ಕಿರಿಕಿರಿ ಎನಿಸುತ್ತಿತ್ತು. ಬಹಳ ಹೊತ್ತಿನಿಂದ ಎನಿಸುತ್ತಿತ್ತು. ಕಣ್ಣು ತೆರೆದು ಮೇಲೆ ನೋಡಿದೆ. ಫ್ಯಾನು ಕಿರಗುಟ್ಟುತ್ತಿತ್ತು. ಗಪ್ಪು ಎದ್ದುಹೋಗಿತ್ತು. ಯಾವಾಗ ಎದ್ದಿತೋ ಗೊತ್ತಿಲ್ಲ. ಐದು ನಿಮಿಷವಾಗಿತ್ತೋ, ಇಪ್ಪತ್ತಾಗಿತ್ತೋ. ಯಾರೂ ಮಾತಾಡಿರಲಿಲ್ಲವಾದ್ದರಿಂದ ಯಾರಿಗೂ ತಿಳಿದಿರಲಿಲ್ಲ.

ಹೇಳಬೇಕೆಂದು ಬಾಯಿ ತೆರೆದೆ. ಫಕೀರವ್ವ ಕಣ್ಣರಳಿಸಿ ಬೆರಳನ್ನು ತುಟಿಗಿಟ್ಟಳು. ಅವಳಿಗೂ ಗೊತ್ತಾಗಿತ್ತು.

"ಎಬ್ಬಿಸಬ್ಯಾಡ್ರಿ" ಎಂದಳು. ಅವಳು ಪಿಸುಗುಟ್ಟಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಡಾಕ್ಟರು ಕಿಟಕಿಯ ಮೇಲಿನ ಕೊಳವೆ ತೆಗೆದು ಕೂಸಿನ ಎದೆಗಿಟ್ಟು ಕಿವಿಗೊಟ್ಟರು. ಬಹಳ ಹೊತ್ತು ಕೇಳಿದರು. ಆಮೇಲೆ ಕೊಳವೆಯನ್ನು ಹುಸೇನಬಿಯ ಕಡೆ ಚಾಚಿದರು. ಅವಳು ಒಲ್ಲೆನೆಂದು ತಲೆಯಾಡಿಸಿದಳು, ಡಾಕ್ಟರು ಬಿಡಲಿಲ್ಲ. ಮುದುಕಿ ಬಗ್ಗಿ ಕೇಳಿದಳು. ಕೇಳುತ್ತ ಕೇಳುತ್ತ ಅವಳ ಮುಷ್ಟಿ ತನ್ನಷ್ಟಕ್ಕೆ ಬಿಚ್ಚಿ ಮುಚ್ಚಿ ಆಡತೊಡಗಿತು.

ಹೊರಗೆ ಬಂದು ನೋಡಿದೆ. ಸುದ್ದಿ ಹಬ್ಬಿ ಅರ್ಧ ಓಣಿ ಆಸ್ಪತ್ರೆಯ ಅಂಗಳದಲ್ಲಿ ನಿಂತಿತ್ತು. ಕಿಟಕಿಯಿಂದ ಇಣುಕಿದವರು ಕೂಸು ಮಲಗಿದೆ ಎಂದು ಹಿಂದಿನವರಿಗೆ ಸನ್ನೆ ಮಾಡಿದ್ದರು, ಅವರು ತಮ್ಮ ಹಿಂದಿನವರಿಗೆ. ಗಪ್ಪು ಎದ್ದಿತ್ತು, ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಸೈಕಲ್ಲಿನವನೊಬ್ಬ ಸೈಕಲನ್ನು ಹೆಗಲ ಮೇಲೆ ಹೊತ್ತು ದಾಟಿದ. ಹಾಲಿನವಳು ಕ್ಯಾನುಗಳ ನಡುವೆ ಸೀರೆಯ ಸೆರಗು ತುರುಕಿ ನಡೆದಳು. ನಮ್ಮ ಊರಿಗೆ ಸುಮ್ಮನಿರುವ ಅಭ್ಯಾಸ ಇದೆ, ಆದರೆ ತಾವಾಗಿ ಸುಮ್ಮನಿದ್ದದ್ದನ್ನು ನಾನು ಅವತ್ತೇ ನೋಡಿದ್ದು. ಗುಂಪಿನ ಅಂಚಿನಲ್ಲಿ ಕಡೇಮನಿ ಮಾಸ್ತರು ಬರಿಗೈಯಲ್ಲಿ ನಿಂತಿದ್ದರು.

"ಗಂಟಿ ಎಲ್ಲೈತ್ರೀ ಸರ?" ಎಂದು ಕಿವಿಯ ಬಳಿ ಕೇಳಿದೆ.

"ಮೇಜಿನ ಮ್ಯಾಲ" ಎಂದು ಅಷ್ಟೇ ಮೆಲ್ಲಗೆ ಹೇಳಿದರು. "ಒಂದೂ ಮುಕ್ಕಾಲ ತಾಸ ಅಲ್ಲಾಡಿಸಿದೆ. ಕೈ ಸೋತು. ಕೂಸು ನೋಡೂಣು ಅಂತ ಬಂದೆ. ಇವತ್ತಿಂದು ಬರಿಯಾಕಾಗೂದಿಲ್ಲ, ನೀಲಾ. ತಪ್ಪಾತು."

ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ದಿನ ಖಾಲಿ ಬಿದ್ದಿತು. ನನಗೆ ಬೇಸರವಾಗಬೇಕಿತ್ತು. ಆಗಲಿಲ್ಲ. "ಹೋಗ್ಲಿ ಬಿಡ್ರಿ" ಎಂದೆ, ಇಬ್ಬರೂ ಬಾಯಿ ಮುಚ್ಚಿಕೊಂಡು ನಕ್ಕೆವು.

ಕೂಸು ಎಚ್ಚರವಾದದ್ದು ಮೂರರ ಸುಮಾರಿಗೆ. ಮೊದಲು ಬೆಕ್ಕಿನಂಥ ಒಂದು ಸಣ್ಣ ದನಿ. ಅಂಗಳದ ಜನ ಕುತ್ತಿಗೆ ಮುಂದೆ ಚಾಚಿದರು. ಆಮೇಲೆ ಕೂಸು ಉಸಿರು ತೆಗೆದುಕೊಂಡು ನಿಜವಾಗಿ ಅತ್ತಿತು. ಅಂಗಳದಲ್ಲಿ ಒಮ್ಮೆಲೇ ನಗು, ಮಾತು, ಚಪ್ಪಾಳೆ. ಯಾರೋ ಸಕ್ಕರೆ ಹಂಚಲು ಶುರು ಮಾಡಿದರು. ಯಮನೂರಪ್ಪ ಬಾಗಿಲಲ್ಲಿ ನಿಂತು ಸಿಕ್ಕಸಿಕ್ಕವರಿಗೆಲ್ಲ, "ಕೇಳಿದ್ರೇನು? ಕೇಳಿದ್ರೇನು?" ಎನ್ನುತ್ತಿದ್ದ. ಅವನ ಒಂದು ವರ್ಷದ ಮಾತು ಅವತ್ತೇ ಮುಗಿದಿರಬೇಕು.

ಒಳಗೆ ಫಕೀರವ್ವ ನನ್ನನ್ನು ಕರೆದಳು. ಅಳುವ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಸಮಾಧಾನ ಮಾಡುವ ಗೊಡವೆಗೇ ಹೋಗದೆ, ಅದರ ಬಾಯಿಯನ್ನೇ ನೋಡುತ್ತಿದ್ದಳು.

"ನೀಲಕ್ಕ, ಒಂದ ಕೆಲಸಾ ಮಾಡ. ನನಗ ಇಲ್ಲೇ ಕೂತ್ರ ಗೊತ್ತಾಗೂದಿಲ್ಲ. ನೀ ಹೊರಗ ಹೋಗಿ ನಡಕೋಂತ ಹೋಗು. ಎಲ್ಲೀ ತನಕಾ ಕೇಳತೈತಿ ನೋಡಿ ಬಾ."

"ಈಗ?"

"ಹೂಂ, ಈಗ. ಮತ್ತ ಮಲಗಿ ಬಿಟ್ರ?"

ಹೊರಟೆ. ಬಾಗಿಲು ದಾಟಿದೆ, ಅಂಗಳದ ಗದ್ದಲ ದಾಟಿದೆ. ಔಷಧಿ ಅಂಗಡಿಯ ಮುಂದೆ ಚೆನ್ನಾಗಿ ಕೇಳುತ್ತಿತ್ತು. ಹಿಟ್ಟಿನ ಗಿರಣಿಯ ಬಳಿ ಗಿರಣಿಯ ಸದ್ದಿನ ಮೇಲೆ ಅದರ ಸದ್ದು ಇತ್ತು. ಗಿರಣಿಯವನು ತಲೆ ಹೊರಹಾಕಿ, "ಯಾರದ್ರೀ ಅದು?" ಎಂದ. "ಫಕೀರವ್ವಂದು" ಎಂದೆ. "ಕೇಳಬೇಕೇನು ಮತ್ತ" ಎಂದು ಒಳಗೆ ಹೋದ. ಅಂಚೆ ಕಚೇರಿ ಬಂತು. ನಿಂತು ಕಿವಿಗೊಟ್ಟೆ, ಇತ್ತು. ಬಸ್ ನಿಲ್ದಾಣದಲ್ಲಿ ಜನ ಮಾತು ನಿಲ್ಲಿಸಿ ಎಲ್ಲಿಂದ ಬರುತ್ತಿದೆ ಎಂದು ಸುತ್ತ ನೋಡುತ್ತಿದ್ದರು. ಮುಂದೆ ಊರು ಮುಗಿದು ಹೊಲ ಶುರುವಾಗುತ್ತದೆ, ಅಲ್ಲಿಂದ ರಸ್ತೆ ಸೇತುವೆಯ ಕಡೆಗೆ ತಿರುಗುತ್ತದೆ. ಇನ್ನೂ ಕೇಳುತ್ತಿತ್ತು. ನಾನು ಹೆಜ್ಜೆಯ ಸದ್ದಾಗದಂತೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಮುಂದೆ ನಡೆದೆ.